ವಾಕ್ಯವನ್ನು ಓದುವ ಎಚ್ಚರ, ಅದರಂತೆ ನಡೆಯುವ ಎಚ್ಚರ: ನನ್ನ ಅನುಭವ

ದೇವರ ವಾಕ್ಯವನ್ನು ಕೇಳುವವರು ಮಾತ್ರ ಆಗಿರದೆ ಅದರಂತೆ ನಡೆಯುವವರೂ ಆಗಿರಬೇಕೆಂದು ಬೈಬಲಿನ ಯಾಕೋಬನ ಪತ್ರಿಕೆ ಹೇಳುತ್ತದೆ. ಸಭೆಯಲ್ಲಿ ಹುಟ್ಟಿ ಬೆಳೆದ ನಮಗೆ ನಡೆಯಬೇಕೆಂಬ ಆಸೆಗೇನೂ ಕೊರತೆಯಿಲ್ಲ. ಆದರೆ ವಾಕ್ಯವು ಯಾರಿಗೆ, ಯಾವ ಸಂದರ್ಭದಲ್ಲಿ ಬಂದದ್ದೆಂದು ವಿಚಾರಿಸದೆ ಅದನ್ನು ಹಿಡಿದು ಹೊರಟರೆ, ಸತ್ಯದ ಹೆಸರಿನಲ್ಲಿಯೇ ನೆರೆಯವನಿಗೆ ನೋವಾಗುತ್ತದೆ ಎಂಬುದು ಪುಣೆಯಲ್ಲಿ ಕೆಲಸ, ಸಂಸಾರ, ಸಭೆ ಮೂರನ್ನೂ ನಡೆಸಿಕೊಂಡು ಬಂದ ನನ್ನ ತಿಳಿವಳಿಕೆ. ನಾನು ಬೀದರ್ ಕಡೆಯವನು, ಮೆಥಡಿಸ್ಟ್ ಸಭೆಯವನು. ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಮಷೀನ್ ಶಾಪಿನಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಷನ್ ನೋಡಿಕೊಳ್ಳುತ್ತೇನೆ. ಬುಧವಾರ ಸಂಜೆ ಪಿಂಪರಿಯಲ್ಲಿ ಯಾರಾದರೊಬ್ಬರ ಮನೆಯಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟ ಸೇರುತ್ತದೆ.

ಕೂಟದ ಒಬ್ಬ ಹಿರಿಯರು ಕೆಲಸ ಕಳೆದುಕೊಂಡಾಗ ಅವರ ಫೋನಿಗೆ ಎಲ್ಲ ಕಡೆಯಿಂದ ಬಂದದ್ದು ಒಂದೇ ವಾಕ್ಯ, ಯೆರೆಮೀಯ 29ನೆಯ ಅಧ್ಯಾಯದ 11ನೆಯದು: ದೇವರು ನಿಮ್ಮ ವಿಷಯದಲ್ಲಿ ಯೋಚಿಸುವುದು ಕೇಡಿಗಲ್ಲ, ಹಿತಕ್ಕಾಗಿ. ಕಳಿಸಿದವರ ಪ್ರೀತಿಯಲ್ಲಿ ಸಂಶಯವಿಲ್ಲ. ಆದರೆ ಅದರ ಜೊತೆಗೆ "ತಿಂಗಳೊಳಗೆ ಕೆಲಸ ಸಿಗುತ್ತದೆ, ನಂಬಿರಿ" ಎಂಬ ಮಾತೂ ಸೇರಿಕೊಂಡಿತ್ತು, ಅದು ವಾಕ್ಯದಲ್ಲಿ ಇಲ್ಲದ ಮಾತು. ಆ ವಾರ ನಾವು ಬೇರೆ ಪಾಠವನ್ನು ಬಿಟ್ಟು ಅದೇ ಅಧ್ಯಾಯವನ್ನು ಮೊದಲಿನಿಂದ ಓದಿದೆವು. ಅದು ಒಂದು ಕಾಗದ. ಕ್ರಿಸ್ತಪೂರ್ವ 597ರಲ್ಲಿ ಅರಸ ಯೆಕೊನ್ಯನೊಡನೆ ಸೆರೆಯಾಗಿ ಬಾಬೆಲಿಗೆ ಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಯೆರೂಸಲೇಮಿನಿಂದ ಬರೆದದ್ದು. ಹಿಂದಿನ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿ ಎರಡು ವರ್ಷದೊಳಗೆ ಎಲ್ಲರೂ ಹಿಂತಿರುಗುತ್ತಾರೆಂದು ಜನರಿಗೆ ಹಿತವಾಗುವಂತೆ ಸಾರಿದ್ದ. ಯೆರೆಮೀಯನ ಕಾಗದದಲ್ಲಿ ಇರುವುದಾದರೋ 70 ವರ್ಷ. ಅಷ್ಟರವರೆಗೆ ಮನೆ ಕಟ್ಟಿಕೊಂಡು ವಾಸಿಸಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಒಯ್ದಿಟ್ಟ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬ ಅಪ್ಪಣೆಗಳಾದ ಮೇಲೆ 11ನೆಯ ವಾಕ್ಯ ಬರುತ್ತದೆ.

ಓದಿ ಮುಗಿಸಿದಾಗ ಆ ಹಿರಿಯರು, "ಎರಡು ವರ್ಷ ಅಂದವನು ಸುಳ್ಳು ಪ್ರವಾದಿ, ಎಪ್ಪತ್ತು ಅಂದವನು ದೇವರ ಮನುಷ್ಯ" ಎಂದರು. ನನಗೆ ಅಂದು ಹೊಳೆದದ್ದು, ನಿಜವಾದ ಆದರಣೆ ಅವಧಿಯನ್ನು ಮುಚ್ಚಿಡುವುದಿಲ್ಲ ಎಂಬುದು. ಕೆಲಸ ಯಾವಾಗ ಸಿಗುತ್ತದೆಂದು ನಾವು ಯಾರೂ ಹೇಳಲಿಲ್ಲ. ಅದರ ಬದಲಿಗೆ ಅವರ ಮಗಳ ಕಾಲೇಜ್ ಫೀಸನ್ನು ಕೂಟದಿಂದ ಕಟ್ಟುವ ಮಾತಾಯಿತು. ಅಕ್ಕ ಒಬ್ಬರು ಅವರ ಮನೆಯ ರೇಷನ್ನಿನ ಭಾರವನ್ನು ತಾವಾಗಿಯೇ ವಹಿಸಿಕೊಂಡರು. ಪಟ್ಟಣದ ಕ್ಷೇಮದ ಮಾತು ನನ್ನನ್ನು ವೈಯಕ್ತಿಕವಾಗಿಯೂ ತಟ್ಟಿತು. ಊರಿಗೆ ಹಿಂತಿರುಗುವ ದಿನವನ್ನೇ ಎದುರುನೋಡುತ್ತ ಪುಣೆಯನ್ನು ಛತ್ರದಂತೆ ಬಳಸುವವರು ನಮ್ಮಲ್ಲಿ ಬಹಳ ಮಂದಿ. ಅಂದಿನಿಂದ ಕೂಟದ ಪ್ರಾರ್ಥನೆಯಲ್ಲಿ ಭೋಸರಿಯ ಕಾರ್ಖಾನೆಗಳ, ಅಲ್ಲಿ ದುಡಿಯುವ ಬಿಹಾರಿ, ಮರಾಠಿ, ತೆಲುಗು ಜನರ ಕ್ಷೇಮವೂ ಸೇರಿತು. ನಾನು ನಮ್ಮ ಸೊಸೈಟಿಯ ಮೀಟಿಂಗಿಗೆ ತಪ್ಪದೆ ಹೋಗತೊಡಗಿದೆ.

ವಾಕ್ಯದ ಬಗ್ಗೆ ಎಚ್ಚರ, ಜನರ ಬಗ್ಗೆ ಕರುಣೆ, ಇವೆರಡೂ ಒಂದೇ ಅಂಗಳದಲ್ಲಿ ಇರಬಲ್ಲವು ಎಂಬುದಕ್ಕೆ ಪುಣೆಯ ಹತ್ತಿರವೇ ಸಾಕ್ಷಿಯಿದೆ. ದೌಂಡ್ ಕಡೆಗೆ ಹೋಗುವ ರೈಲಿನಲ್ಲಿ ಕೇಡಗಾಂವ್ ಸಿಗುತ್ತದೆ. ಅಲ್ಲಿನ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ನಮ್ಮ ಕರ್ನಾಟಕದ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿದವರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವೆಂಬ ಶಾಲೆ ತೆರೆದು, ಮರುವರ್ಷ ಅದನ್ನು ಪುಣೆಗೆ ತಂದು, 1896–97ರ ಬರಗಾಲದಲ್ಲಿ ಮಧ್ಯ ಭಾರತದಿಂದ ನಿರ್ಗತಿಕ ಹೆಣ್ಣುಮಕ್ಕಳನ್ನು ಕರೆತಂದು ಸಾಕಿದರು. ಅದೇ ಕೈಗಳು ಹೀಬ್ರೂ, ಗ್ರೀಕ್ ಕಲಿತು, ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಗೆ ಇಡೀ ಬೈಬಲನ್ನು ತಂದವು. ನಮ್ಮ ಕೂಟದವರು ಅಲ್ಲಿಗೆ ಹೋಗಿ ಬಂದ ಮೇಲೆ, ಪ್ರೀತಿಯಿದ್ದರೆ ಸಾಕು, ಇಷ್ಟೆಲ್ಲ ಓದು ಏಕೆ ಎಂಬ ಪ್ರಶ್ನೆ ನಮ್ಮಲ್ಲಿ ಮತ್ತೆ ಬರಲಿಲ್ಲ.

ಇನ್ನು ನನ್ನ ಕೆಲಸದ ಮೇಜಿನ ವಿಷಯ. ಅಳತೆಯಲ್ಲಿ, ತೂಕದಲ್ಲಿ, ಪರಿಮಾಣದಲ್ಲಿ ಅನ್ಯಾಯ ಮಾಡಬಾರದೆಂಬ ಯಾಜಕಕಾಂಡದ 19ನೆಯ ಅಧ್ಯಾಯದ ಅಪ್ಪಣೆ ನನ್ನಂಥವನಿಗೆ ದಿನದ ಕೆಲಸ. ನಮ್ಮಲ್ಲಿ ಗ್ರೈಂಡಿಂಗ್ ಆಗುವ 25 ಮಿಲಿಮೀಟರಿನ ಒಂದು ಶಾಫ್ಟಿಗೆ ಡ್ರಾಯಿಂಗಿನಲ್ಲಿ ಇರುವ ಅವಕಾಶ ಕೆಳಮುಖವಾಗಿ 13 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಮಾತ್ರ, ಅಂದರೆ 24.987ಕ್ಕಿಂತ ಕಡಿಮೆಯಾದರೆ ರಿಜೆಕ್ಟ್. ಅಳತೆಯ ಪ್ರಮಾಣ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಮಷೀನಿನಿಂದ ಬಿಸಿಯಾಗಿ ಬಂದ ಉಕ್ಕಿನ ಜಾಬ್, ಅಂದರೆ ನಾವು ಮಾಡುತ್ತಿರುವ ಭಾಗ, ಅದಕ್ಕಿಂತ 10 ಡಿಗ್ರಿ ಹೆಚ್ಚಿದ್ದರೆ ಆ ಗಾತ್ರದಲ್ಲಿ ಸುಮಾರು 3 ಮೈಕ್ರಾನ್ ದಪ್ಪ ತೋರಿಸುತ್ತದೆ. ಹಾಗಾಗಿ ಮಿತಿಗಿಂತ ಒಂದೆರಡು ಮೈಕ್ರಾನ್ ಸಣ್ಣದಾದ ಶಾಫ್ಟೂ ಬಿಸಿಯಲ್ಲಿ ಅಳೆದರೆ ಪಾಸಾಗುತ್ತದೆ. ಡಿಸ್ಪ್ಯಾಚಿನ ಗಾಡಿ ಬಾಗಿಲಲ್ಲಿ ನಿಂತಾಗ ಬಿಸಿಯಲ್ಲೇ ಅಳೆದು ಬರೆಯಿರಿ ಎಂಬ ಒತ್ತಾಯ ಬರುವುದುಂಟು. ಅಳತೆಯ ಉಪಕರಣವಾದ ಮೈಕ್ರೋಮೀಟರ್ ತೋರಿಸಿದ್ದನ್ನೇ ಬರೆದೆನೆಂದು ಹೇಳಿಕೊಳ್ಳಬಹುದಾದರೂ ಅದು ದೇವರ ಮುಂದೆ ನ್ಯಾಯವಾದ ಅಳತೆಯಾಗದು. ನಾನು ಜಾಬನ್ನು ಸರ್ಫೇಸ್ ಪ್ಲೇಟಿನ ಮೇಲೆ ತಣ್ಣಗಾಗಲು ಬಿಟ್ಟೇ ಅಳೆಯುತ್ತೇನೆ.

ಒಮ್ಮೆ ಹೀಗೆ ಒಂದು ಲಾಟ್ ಪೂರ್ತಿ ಅನುಮಾನಕ್ಕೆ ಬಂತು. ಗ್ರೈಂಡರಿನಲ್ಲಿದ್ದವನು ಕಲಬುರಗಿಯ ಹುಡುಗ, ಹೊಸದಾಗಿ ಮದುವೆಯಾದವನು. "ಅಣ್ಣಾ, ಮೂರು ಮೈಕ್ರಾನ್ ತಾನೇ?" ಎಂದು ಅವನು ಕೇಳಿದಾಗ ಅವನ ಭಯ ನನಗೆ ಅರ್ಥವಾಗುತ್ತಿತ್ತು. ಅಳತೆಯನ್ನು ತಿದ್ದುವಂತಿರಲಿಲ್ಲ. ಆದರೆ ರಿಪೋರ್ಟನ್ನು ಮೇಲಿನವರಿಗೆ ಕೊಡುವ ಮೊದಲು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ರೀಡಿಂಗುಗಳನ್ನು ತೋರಿಸಿದೆ, ತಂಪುಮಾಡುವ ದ್ರವ ಕೂಲಂಟ್ ಕಡಿಮೆಯಾಗಿ ಜಾಬ್ ಬಿಸಿಯಾಗುತ್ತಿದ್ದುದನ್ನು ಇಬ್ಬರೂ ಸೇರಿ ಪತ್ತೆ ಮಾಡಿದೆವು, ಆ ಕಾರಣವನ್ನು ರಿಪೋರ್ಟಿನಲ್ಲಿಯೇ ಬರೆದೆ. ಶಿಫ್ಟ್ ಮುಗಿದ ಮೇಲೆ ಉಳಿದು ಅವನ ಜೊತೆ ಲಾಟನ್ನು ಒಂದೊಂದಾಗಿ ಅಳೆದು ಬೇರ್ಪಡಿಸಿದೆ. ಅಳತೆಗೆ ಬರದವುಗಳ ನಿಜವಾದ ರೀಡಿಂಗ್ ಸಹಿತ ಡೀವಿಯೇಶನ್ ನೋಟ್, ಅಂದರೆ ವ್ಯತ್ಯಾಸವನ್ನು ತಿಳಿಸುವ ಪತ್ರ, ಗಿರಾಕಿಗೆ ಹೋಯಿತು. ಅವರು ಕೆಲವನ್ನು ಒಪ್ಪಿದರು, ಉಳಿದವು ಸ್ಕ್ರ್ಯಾಪಿಗೆ ಹೋದವು.

ಮಾತಿನ ವಿಷಯದಲ್ಲೂ ನನ್ನ ಅಭ್ಯಾಸ ಇದೇ. ಕೂಟದ ಕಾಣಿಕೆಯ ಹಣದ ಲೆಕ್ಕದ ಬಗ್ಗೆ ಒಬ್ಬರ ಮೇಲೆ ಗುಸುಗುಸು ಎದ್ದಾಗ, ಸಭೆಯ ಮುಂದೆ ಎದ್ದು ಕೇಳುವುದೇ ಧೈರ್ಯವೆಂದು ಕೆಲವರು ನನಗೆ ಹೇಳಿದರು. ಮತ್ತಾಯ 18ನೆಯ ಅಧ್ಯಾಯದ 15ನೆಯ ವಾಕ್ಯ ತೋರಿಸುವ ದಾರಿ ಬೇರೆ: ಮೊದಲು ನೀನೂ ಅವನೂ ಇಬ್ಬರೇ. ಒಂದು ರಾತ್ರಿ ಕಳೆಯಲು ಬಿಟ್ಟು, ಅವರ ಮನೆಗೆ ಒಬ್ಬನೇ ಹೋಗಿ, ಕೇಳಿಬಂದದ್ದನ್ನು ಇದ್ದಂತೆಯೇ ಹೇಳಿ, ಅವರ ಉತ್ತರವನ್ನು ಪೂರ್ತಿ ಕೇಳಿದೆ. ಅವರು ಚೀಟಿಗಳನ್ನು ತೆಗೆದು ಮುಂದಿಟ್ಟರು. ಆಸ್ಪತ್ರೆಯಲ್ಲಿದ್ದ ಒಂದು ಕುಟುಂಬಕ್ಕೆ, ಆ ಕುಟುಂಬ ಹೆಸರು ಹೇಳಬಾರದೆಂದು ಬೇಡಿಕೊಂಡಿದ್ದರಿಂದ, ಗುಟ್ಟಾಗಿ ಹಣ ಕೊಡಲಾಗಿತ್ತು. ಚೀಟಿ ತೋರಿಸಿದವರ ಒಪ್ಪಿಗೆಯಿಂದ ಪಾಸ್ಟರರು ಚೀಟಿಗಳನ್ನು ನೋಡಿ, ಲೆಕ್ಕ ಸರಿಯಿದೆಯೆಂದು ಕೂಟಕ್ಕೆ ತಿಳಿಸಿದರು. ಕುಟುಂಬದ ಹೆಸರು ಇಂದಿಗೂ ಹೊರಬಂದಿಲ್ಲ.

ಸದ್ಯ ನಮ್ಮ ಕೂಟದಲ್ಲಿ ಫಿಲೆಮೋನನಿಗೆ ಪೌಲನು ಬರೆದ ಪತ್ರಿಕೆಯನ್ನು ಓದುತ್ತಿದ್ದೇವೆ. 25 ವಾಕ್ಯಗಳ ಈ ಪುಟ್ಟ ಪತ್ರಿಕೆಯನ್ನು ನಾವು ನಿಧಾನವಾಗಿ ಓದುತ್ತಿರುವುದಕ್ಕೆ ಕಾರಣವಿದೆ. ಅಪ್ಪಣೆ ಕೊಡುವ ಅಧಿಕಾರವಿದ್ದ ಪೌಲನು ಅದನ್ನು ಬಿಟ್ಟು ಪ್ರೀತಿಯ ನಿಮಿತ್ತ ಬೇಡಿಕೊಳ್ಳುತ್ತಾನೆ. ಫಿಲೆಮೋನನಿಗೆ ಅವನ ದಾಸನಾದ ಒನೇಸಿಮನಿಂದ ನಷ್ಟವಾಗಿದ್ದರೆ ಅದನ್ನು ಇಲ್ಲವೆನ್ನುವುದಿಲ್ಲ, ಅದನ್ನು ನನ್ನ ಲೆಕ್ಕಕ್ಕೆ ಹಾಕು, ನಾನೇ ತೀರಿಸುತ್ತೇನೆ ಎಂದು ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ಇನ್ನೊಬ್ಬರ ತಪ್ಪನ್ನು ಎತ್ತಿ ಆಡುವ ಮೊದಲು ಅದರ ಖರ್ಚಿನಲ್ಲಿ ನನ್ನ ಪಾಲು ಎಷ್ಟು ಎಂದು ಕೇಳಿಕೊಳ್ಳುವುದನ್ನು ಆ 18, 19ನೆಯ ವಾಕ್ಯಗಳಿಂದ ನಾನು ಕಲಿಯುತ್ತಿದ್ದೇನೆ. ಗ್ರೈಂಡರಿನ ಆ ಹುಡುಗ ಈಗ ಬುಧವಾರಗಳಂದು ಹೆಂಡತಿಯೊಂದಿಗೆ ಕೂಟಕ್ಕೆ ಬರುತ್ತಾನೆ, ಬರುವ ವಾರದ ಓದು ಅವನದು.