ಮಳೆಯ ಎಣಿಕೆ ತಿರುಗುಮುರುಗಾದಾಗ: ನನ್ನ ಅನುಭವ

ತೀರ್ಥಹಳ್ಳಿ ಸಮೀಪ ನಮ್ಮ ಸೋದರಮಾವನ ಅಡಿಕೆ ತೋಟದಲ್ಲಿ ಹಳೆಯ ಮಳೆಮಾಪಕವೊಂದಿದೆ. 0.2 ಮಿ.ಮೀ. ಮಳೆ ಬಿದ್ದಾಗಲೆಲ್ಲ ಅದರೊಳಗಿನ ಪುಟ್ಟ ಬಟ್ಟಲು ಒಮ್ಮೆ ಮಗುಚುತ್ತದೆ. ಮೊಟೊರೋಲಾ 68ಎಚ್‌ಸಿ11 ಚಿಪ್ ದಿನದ ಎಣಿಕೆಯನ್ನು ಮೆಮೊರಿಯಲ್ಲಿ ಬರೆದಿಡುತ್ತಿತ್ತು. ಆ ಬೋರ್ಡು ಕೆಟ್ಟಾಗ ಆರ್ಮ್ ಕಾರ್ಟೆಕ್ಸ್-ಎಂ0 ಬೋರ್ಡನ್ನು ಕೂರಿಸಿ, ಅಸೆಂಬ್ಲಿಯಲ್ಲಿದ್ದ (ಚಿಪ್ಪಿನ ಆದೇಶಗಳನ್ನೇ ಒಂದೊಂದಾಗಿ ಬರೆಯುವ ಭಾಷೆ) ಪ್ರೋಗ್ರಾಮನ್ನು ಅದಕ್ಕೆ ಹೊಂದುವಂತೆ ನಾನೇ ಮತ್ತೆ ಬರೆದೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನವನ್ನು ಮಾವ ಈ ಲೆಕ್ಕ ನೋಡಿಯೇ ಗೊತ್ತುಮಾಡುವುದರಿಂದ ಹಳೆಯ ದಾಖಲೆಯ ನಮೂನೆಯನ್ನು ಬದಲಿಸದೆ ಉಳಿಸಿಕೊಂಡೆ: ಮಾಪಕದ ಗುರುತಿಗೆ ಒಂದು ಬೈಟ್ (0 ಅಥವಾ 1 ಆಗಿರುವ ಎಂಟು ಬಿಟ್‌ಗಳ ಗುಂಪು; 0ಯಿಂದ 255ರವರೆಗಿನ ಸಂಖ್ಯೆ ಹಿಡಿಯುತ್ತದೆ), ಎಣಿಕೆಗೆ ಎರಡು.

ಮೊದಲು ಬೇಸಿಗೆಯ ದಾಖಲೆಗಳನ್ನು ಲ್ಯಾಪ್‌ಟಾಪಿನಲ್ಲಿ ಓದಿಸಿದಾಗ ಎಲ್ಲವೂ ಸರಿಯಾಗಿತ್ತು. ಜುಲೈ ತಿಂಗಳಿಗೆ ಬಂದಾಗ ಮಾವ ತಾವು ಕೈಯಿಂದ ಅಳೆದು ಪುಸ್ತಕದಲ್ಲಿ 60 ಮಿ.ಮೀ. ಎಂದು ಬರೆದಿದ್ದ ದಿನಕ್ಕೆ ಪರದೆಯ ಮೇಲೆ 2,253 ಮಿ.ಮೀ. ಬಂತು. “ಒಂದೇ ದಿನ ಇಷ್ಟು ಹೊಯ್ದಿದ್ರೆ ತೋಟ ಉಳೀತಿತ್ತೇನೋ ಮಾರಾಯ?” ಎಂದರು ಮಾವ.

ಅರವತ್ತು ಮಿಲಿಮೀಟರ್ ಎಂದರೆ 300 ಸಲ ಮಗುಚಿದ ಲೆಕ್ಕ. 300 ಎಂಬುದು ಒಂದು 256 ಮತ್ತು ಮೇಲೆ 44. ಆದ್ದರಿಂದ ಬೈಟ್‌ಗಳು 1 ಮತ್ತು 44. ಮೊಟೊರೋಲಾ ಚಿಪ್ ಬಿಗ್ ಎಂಡಿಯನ್ ಆದ್ದರಿಂದ ದೊಡ್ಡ ಬೆಲೆಯ ಬೈಟನ್ನು ಮೊದಲು ಇಡುತ್ತದೆ; ಲಿಟ್ಲ್ ಎಂಡಿಯನ್ ಆದ ಇಂಟೆಲ್ ಲ್ಯಾಪ್‌ಟಾಪ್ ಅದೇ ಜೋಡಿಯನ್ನು ಹಿಂದುಮುಂದಾಗಿ ಓದಿ 44 ಸಲ 256ಕ್ಕೆ 1 ಸೇರಿಸಿ 11,265 ಎಂದಿತು. ಸೊನ್ನೆಯನ್ನು ಯಾವ ಕಡೆಯಿಂದ ಓದಿದರೂ ಸೊನ್ನೆಯೇ ಆದ್ದರಿಂದ ಬೇಸಿಗೆಯ ದಿನಗಳು ಈ ತಪ್ಪನ್ನು ಮುಚ್ಚಿಟ್ಟಿದ್ದವು. ಒಂದೇ ಒಂದು ಸಲ ಬಟ್ಟಲು ಮಗುಚಿದ ದಿನವಿದ್ದಿದ್ದರೂ 51.2 ಮಿ.ಮೀ. ಎಂದು ಬಂದು ಆಗಲೇ ಸಿಕ್ಕಿಬೀಳುತ್ತಿತ್ತು.

ನಮ್ಮ ಆರ್ಮ್ ಬೋರ್ಡು ಕೂಡ ಲಿಟ್ಲ್ ಎಂಡಿಯನ್. ಅಲ್ಲಿ ಎರಡು ಬೈಟ್‌ಗಳನ್ನು ಒಟ್ಟಿಗೆ ಓದಿ, ಆರ್‌ಇವಿ16 ಆದೇಶದಿಂದ ಅದಲುಬದಲು ಮಾಡಿಸಿದೆ. ಲ್ಯಾಪ್‌ಟಾಪಿನಲ್ಲಿ ಇಂಥದೇ ತಿದ್ದುಪಡಿ ಕೆಲಸ ಮಾಡಿತು, ಬೋರ್ಡು ಮಾತ್ರ ನಿಂತೇ ಹೋಯಿತು. ಎಣಿಕೆ ಗುರುತಿನ ಬೈಟಿನ ನಂತರ, ಅಂದರೆ ಮೆಮೊರಿಯ ಬೆಸ ಸಂಖ್ಯೆಯ ವಿಳಾಸದಲ್ಲಿ ಶುರುವಾಗುತ್ತಿತ್ತು. ಅಲ್ಲಿಂದ ಎರಡು ಬೈಟ್ ಒಟ್ಟಿಗೆ ಓದುವುದನ್ನು ಇಂಟೆಲ್ ಪ್ರೊಸೆಸರ್ ಸಹಿಸಿಕೊಳ್ಳುತ್ತದೆ, ಕಾರ್ಟೆಕ್ಸ್-ಎಂ0 ಹಾರ್ಡ್ ಫಾಲ್ಟ್ (ಮುಂದುವರಿಯಲಾಗದ ದೋಷ) ಎಂದು ಅಲ್ಲಿಗೇ ನಿಲ್ಲಿಸುತ್ತದೆ. ಕೊನೆಗೆ ಒಂದೊಂದೇ ಬೈಟ್ ಓದಿ, ಮೊದಲನೆಯದನ್ನು ಎಂಟು ಬಿಟ್ ಎಡಕ್ಕೆ ಸರಿಸಿ (ಅಂದರೆ 256ರಿಂದ ಗುಣಿಸಿ), ಎರಡನೆಯದನ್ನು ಸೇರಿಸುವಂತೆ ಬರೆದೆ. ಹೀಗೆ ಬರೆದರೆ ಓದುವ ಪ್ರೊಸೆಸರ್ ಯಾವುದೆಂದು ಕೇಳುವ ಅಗತ್ಯವೇ ಬರುವುದಿಲ್ಲ, ದಾಖಲೆಯ ಕ್ರಮ ಗೊತ್ತಿದ್ದರೆ ಸಾಕು. ಮೊದಲೇ ಹೀಗೆ ಮಾಡಬೇಕಿತ್ತು.

ಆಮೇಲೂ ಭಾರಿ ಮಳೆಯಲ್ಲಿ ಆಗೊಮ್ಮೆ ಈಗೊಮ್ಮೆ ಒಂದೆರಡು ಎಣಿಕೆ ತಪ್ಪುತ್ತಿತ್ತು. ಹಳೆಯ ಚಿಪ್ಪಿನಲ್ಲಿ ಬಿಸೆಟ್ ಎಂಬ ಒಂದೇ ಆದೇಶ ಮೆಮೊರಿಯಲ್ಲಿರುವ ಬಿಟ್ ಅನ್ನು ಅಲ್ಲಿಯೇ 1 ಮಾಡುತ್ತದೆ. ಆರ್ಮ್‌ನಲ್ಲಿ ಬೈಟನ್ನು ಪ್ರೊಸೆಸರ್ ಒಳಗಿನ ರಿಜಿಸ್ಟರ್‌ಗೆ ತಂದು, ಬಿಟ್ ಸೇರಿಸಿ, ಮತ್ತೆ ಮೆಮೊರಿಗೆ ಬರೆಯಬೇಕು. ಹಳೆಯ ಒಂದು ಸಾಲು ಮೂರಾಗಿತ್ತು. ಆ ಮೂರರ ನಡುವೆ ಬಟ್ಟಲು ಮಗುಚಿ ಇಂಟರಪ್ಟ್ (ನಡೆಯುತ್ತಿರುವ ಕೆಲಸವನ್ನು ನಿಲ್ಲಿಸಿ ಬೇರೆ ಕೆಲಸಕ್ಕೆ ಕರೆಯುವ ಸಂಕೇತ) ಬಂದು ಅದೇ ಬೈಟಿನಲ್ಲಿ ತನ್ನ ಗುರುತು ಹಾಕಿದರೆ, ಮೂರನೆಯ ಆದೇಶ ಅದನ್ನು ಅಳಿಸಿಬಿಡುತ್ತಿತ್ತು. ಆ ಮೂರು ಆದೇಶಗಳಷ್ಟು ಹೊತ್ತು ಇಂಟರಪ್ಟನ್ನು ತಡೆದು, ಮುಗಿದೊಡನೆ ಬಿಟ್ಟೆ. ಅಂದಿನಿಂದ ಆಷಾಢದ ಮಳೆಯಲ್ಲೂ ಬೋರ್ಡಿನ ಲೆಕ್ಕ ಮಾವನ ಪುಸ್ತಕಕ್ಕೆ ಹೊಂದುತ್ತಿದೆ.