ಪೈಪ್ ಒಳಗಿಂದಲೇ ಲೇಸರ್ ಹೊಗೆ ಎಳೆದೆ

"ದೊಡ್ಡ ಬ್ಲೋವರ್ ಹಾಕಿ, ಹೊಗೆ ತಾನೇ ಹೋಗುತ್ತೆ" ಎಂದವರೇ ಜಾಸ್ತಿ. ಮೊದಲು ನಾನೂ ಅದನ್ನೇ ಮಾಡಿ ದುಡ್ಡು ಕಳೆದುಕೊಂಡೆ.

ಹಳೇ ಅಣು ಘಟಕದ ಪೈಪ್‌ಗಳನ್ನು ಲೇಸರ್‌ನಲ್ಲಿ ಕತ್ತರಿಸುವ ಮೊದಲು ಹೊಸ ಪೈಪ್ ಮೇಲೆ ಟ್ರಯಲ್ ಆಗಬೇಕಿತ್ತು. ಫ್ರಾನ್ಸಿನ ಮಾರ್ಕೂಲ್ ಅಣು ಕೇಂದ್ರದಲ್ಲಿ ರೋಬೋ ಕೈಗೆ ಲೇಸರ್ ಕಟ್ಟಿ ಡಿಸಾಲ್ವರ್‌ಗಳನ್ನೇ (ಬಳಸಿದ ಅಣು ಇಂಧನವನ್ನು ಆಸಿಡ್‌ನಲ್ಲಿ ಕರಗಿಸುವ ಪಾತ್ರೆಗಳು) ಕತ್ತರಿಸಿದ್ದಾರೆ, ನಮ್ಮದು ಅದರ ಮುಂದೆ ಚಿಕ್ಕದು. ಪೀಣ್ಯದ ನಮ್ಮ ಶೆಡ್‌ಗೆ ಬಂದದ್ದು 304ಎಲ್ ಸ್ಟೇನ್‌ಲೆಸ್ ಪೈಪ್, 4 ಇಂಚು, ಶೆಡ್ಯೂಲ್ 80, ಅಂದರೆ ದಪ್ಪ ಗೋಡೆಯದು. ವಿಕಿರಣ ಗಿಕಿರಣ ಏನೂ ಇಲ್ಲ. ಆದರೆ ಸ್ಟೇನ್‌ಲೆಸ್ ಹೊಗೆಯಲ್ಲಿ ನಿಕಲ್, ಕ್ರೋಮಿಯಂ ಇರುತ್ತೆ, ಸುಮ್ನೆ ಶಟರ್ ಎತ್ತಿ ಬೀದಿಗೆ ಬಿಡೋಕಾಗಲ್ಲ. ಅಸಲಿ ಜಾಗದಲ್ಲಿ ಸೂಕ್ಷ್ಮ ಕಣ ಹಿಡಿಯುವ ಹೆಪಾ ಫಿಲ್ಟರ್ ತುಂಬಿದರೆ ಅದೂ ವಿಕಿರಣ ಕಸವೇ ಅಲ್ವಾ? ಹಾಗಾಗಿ ಕೆಲಸ ಕೊಟ್ಟ ಪಾರ್ಟಿಯವರ ಷರತ್ತು ಒಂದೇ: ಫಿಲ್ಟರ್ ಕಡಿಮೆ ಖರ್ಚಾಗಬೇಕು.

ಮೊದಲು ಹಾಕಿದ್ದು 3 ಎಚ್‌ಪಿ ಬ್ಲೋವರ್, ಪೈಪ್ ಮೇಲೆ ಹೊಗೆ ಎಳೆಯೋ ಹುಡ್. ಊದುಬತ್ತಿ ಹಿಡಿದು ನೋಡಿದರೆ ಎಳೆತ ಭರ್ಜರಿ. ಕಟಿಂಗ್ ಶುರುವಾದಾಗ ಲೇಸರ್ ಜೊತೆ ಊದುವ ನೈಟ್ರೋಜನ್ ಗಾಳಿ ಹೊಗೆಯನ್ನೆಲ್ಲ ಪೈಪ್ ಒಳಕ್ಕೇ ತಳ್ಳಿತು. ಹುಡ್ ಎಳೆದದ್ದು ಶೆಡ್‌ನ ಒಳ್ಳೇ ಗಾಳಿ!

ಹಾಗಾದರೆ ಪೈಪನ್ನೇ ಡಕ್ಟ್ ಮಾಡಿ ಒಳಗಿಂದಲೇ ಹೊಗೆ ಎಳೆಯೋಣ ಎಂದೆ. "ಕಿಡಿ ನೇರ ಫಿಲ್ಟರ್‌ಗೆ ಹೋಗುತ್ತೆ" ಎಂದು ಎಲ್ಲರೂ ನಕ್ಕರು. ನಿಜ, ಮೊದಲ ದಿನವೇ ಹೆಪಾ ಮುಂದಿನ ಪ್ರೀಫಿಲ್ಟರ್‌ನಲ್ಲಿ ಅಂಗೈ ಅಗಲ ತೂತು. ಎರಡು ಕಡೆ ಗಾಳಿ ತಿರುಗುವ ತಗಡಿನ ಡಬ್ಬ ಇಟ್ಟ ಮೇಲೆ ಕಿಡಿ ನಿಂತಿತು. ಆದರೆ 60 ಕಟ್‌ಗೆಲ್ಲ ಹೆಪಾ ಎಷ್ಟು ಕಟ್ಟಿಕೊಂಡಿದೆ ಅಂತ ತೋರಿಸುವ ಗೇಜ್ 25 ಮಿ.ಮೀ. ನೀರಿನ ಒತ್ತಡದಿಂದ 100ಕ್ಕೆ ಏರಿತು. ಒಂದು ಹೆಪಾಗೆ ಸುಮಾರು 8,000 ರೂಪಾಯಿ, ಹೀಗೆ ನಾಲ್ಕು ಹೋದವು.

ನಡುವೆ ನೀರಿನ ಹುಚ್ಚೂ ಹಿಡಿಯಿತು. ಹೊಗೆಯನ್ನು ಡ್ರಮ್ ನೀರಲ್ಲಿ ಗುಳುಗುಳು ಮಾಡಿಸಿದೆ. ಸಣ್ಣ ಕಣ ಗುಳ್ಳೆಯೊಳಗೆ ಕೂತು ಆರಾಮಾಗಿ ಪಾರಾಯಿತು, ಮೇಲೆ ಹೆಪಾ ಒದ್ದೆ.

ಕೊನೆಗೆ ಕೈ ಹಿಡಿದದ್ದು ಸುಣ್ಣದ ಪುಡಿ. ಡಬ್ಬ ಆದ ಮೇಲೆ ಪಲ್ಸ್ (ಗಾಳಿಯ ಝಟಕಾ) ಹೊಡೆದು ಧೂಳು ಉದುರಿಸುವ ಕಾರ್ಟ್ರಿಡ್ಜ್ ಫಿಲ್ಟರ್, ಅದಕ್ಕೆ ಮೊದಲೇ ಪುಡಿಯ ಲೇಪ. ಹೊಗೆ ಪುಡಿಯ ಮೇಲೆ ಕೂರುತ್ತೆ, ಪಲ್ಸ್‌ಗೆ ಎರಡೂ ಒಟ್ಟಿಗೆ ಉದುರುತ್ತವೆ. ಎಷ್ಟು ಪುಡಿ, ಪೈಪಿನ ಆ ಕೊನೆ ಎಷ್ಟು ತೆರೆದಿಡಬೇಕು, ಅದು ನನ್ನಲ್ಲೇ ಇರಲಿ. ಇನ್ನೊಂದು ಮಾತ್ರ ಹೇಳಿಬಿಡ್ತೀನಿ: ಕಟ್ ಮುಗಿಯುವ ಕೊನೇ ಇಂಚಿನಲ್ಲಿ ತುಂಡು ಬೇರೆಯಾಗಿ ಎಳೆತ ಸತ್ತುಹೋಗುತ್ತೆ. ಅಲ್ಲಿಗೆ ಹೊರಗಿನಿಂದ ಪೈಪ್ ಸುತ್ತ ಹೊಗೆ ಎಳೆಯೋ ಒಂದು ಕಾಲರ್ ಬೇಕೇ ಬೇಕು.

ಸುಮಾರು 200 ಕಟ್ ಆದ ಮೇಲೂ ಗೇಜ್ 30ರ ಆಸುಪಾಸು. ನಕ್ಕವರೇ ಬಂದು ಫೋಟೋ ತೆಗೆದುಕೊಂಡು ಹೋದರು. ನನಗೆ ಒಟ್ಟು ಖರ್ಚು ಒಂದೂವರೆ ಲಕ್ಷ ಹತ್ತಿರ, ಪಾರ್ಟಿ ಕೊಟ್ಟದ್ದು ಅದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಮುಂದಿನ ಲಾಟ್ ಬಣ್ಣ ಹಚ್ಚಿದ ಪೈಪ್. ಎರಡು ತುಂಡು ಕತ್ತರಿಸಿ ನೋಡಿದೆ. ಹೊಗೆ ಅಂಟಂಟು, ಪಲ್ಸ್ ಹೊಡೆದರೂ ಉದುರುತ್ತಿಲ್ಲ.