39 ಅಂಕಿಯ ಅವಿಭಾಜ್ಯವನ್ನು ನಾನೇ ಪರೀಕ್ಷಿಸಿ ನೋಡಿದ್ದು

170141183460469231731687303715884105727.

127 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ 1 ಕಳೆದರೆ ಸಿಗುವ ಸಂಖ್ಯೆ ಇದು. ಇದು ಅವಿಭಾಜ್ಯ ಎಂದು ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ 1876ರಲ್ಲೇ ತೋರಿಸಿದರು. ಕಂಪ್ಯೂಟರ್ ಇಲ್ಲದ ಕಾಲ ಅದು. ಓದಿ ಒಪ್ಪಿಕೊಳ್ಳುವುದಕ್ಕಿಂತ ನಾನೇ ಲೆಕ್ಕ ಮಾಡಿ ನೋಡೋಣ ಅನ್ನಿಸಿತು.

ಸುಮ್ನೆ ಒಂದೊಂದೇ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ ಆಗುವ ಕೆಲಸವಲ್ಲ. ವರ್ಗಮೂಲದವರೆಗೆ ಮಾತ್ರ ಅಂದರೂ 20 ಅಂಕಿಯ ಸಂಖ್ಯೆಗಳ ತನಕ ಹೋಗಬೇಕು. ಸೆಕೆಂಡಿಗೆ ನೂರು ಕೋಟಿ ಸಲ ಭಾಗಿಸಿದರೂ 400 ವರ್ಷ ಹಿಡಿಯುತ್ತದೆ. ಅದಕ್ಕೇ ಲ್ಯೂಕಾ–ಲೆಹ್ಮರ್ ಪರೀಕ್ಷೆ ಹಿಡಿದೆ. 4ರಿಂದ ಶುರು ಮಾಡಬೇಕು. ವರ್ಗ ಮಾಡಿ, 2 ಕಳೆದು, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಬೇಕು. ಆ ಶೇಷಕ್ಕೆ ಮತ್ತೆ ಅದೇ. ಘಾತಕ್ಕಿಂತ (ಅಂದರೆ ಗುಣಿಸಿದ ಎರಡುಗಳ ಎಣಿಕೆಗಿಂತ, ಇಲ್ಲಿ 127) ಎರಡು ಕಡಿಮೆ ಸಲ ಹೀಗೆ ಮಾಡಿದಾಗ 0 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಘಾತ ಮಾತ್ರ 2 ಬಿಟ್ಟು ಬೇರೆ ಅವಿಭಾಜ್ಯವಾಗಿರಬೇಕು.

ಮೊದಲು ಕಾಗದದ ಮೇಲೆ ಘಾತ 7 ತೆಗೆದುಕೊಂಡೆ. ಸಂಖ್ಯೆ 127, ಐದು ಹೆಜ್ಜೆ. 4, 14, 67, ಹೀಗೆ ಬಂತು. 67ರ ವರ್ಗದಲ್ಲಿ 2 ಕಳೆದರೆ 4487. ಇಲ್ಲಿದೆ ನೋಡಿ ಸೊಗಸು: 127ರಿಂದ ಭಾಗಿಸಲೇಬೇಕಿಲ್ಲ. 4487 ಅಂದರೆ 35 × 128, ಮೇಲೆ 7. 35ಕ್ಕೆ 7 ಕೂಡಿಸಿ, 42. ಅದೇ ಶೇಷ! 128 ಅನ್ನುವುದು 127ಕ್ಕಿಂತ ಒಂದೇ ಒಂದು ಜಾಸ್ತಿ, ಅಲ್ವಾ? ಹಾಗಾಗಿ ಪ್ರತಿ 128ಕ್ಕೂ 1 ಉಳಿಯುತ್ತದೆ. ಮುಂದೆ 111, ಕೊನೆಗೆ 12319. ಅದು 96 × 128, ಮೇಲೆ 31. 96 + 31 = 127, ಅಂದರೆ ಶೇಷ 0.

ಬರೀ 0 ಮತ್ತು 1 ಬಳಸುವ ದ್ವಿಮಾನದಲ್ಲಿ ಬರೆದರೆ ಈ ಜಾತಿಯ ಸಂಖ್ಯೆಗಳೆಲ್ಲ ಬರೀ 1ಗಳ ಸಾಲು. ಆ ರೂಪದಿಂದಲೇ ಭಾಗಾಕಾರ ಕೂಡುವ ಲೆಕ್ಕವಾಗಿಬಿಡುತ್ತದೆ. ನನಗೆ ತುಂಬಾ ಹಿಡಿಸಿದ್ದು ಇದೇ.

ಆಮೇಲೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾಲ್ಕೈದು ಸಾಲು ಬರೆದೆ. ಪೈಥಾನ್ ಎಷ್ಟು ದೊಡ್ಡ ಪೂರ್ಣಾಂಕವನ್ನಾದರೂ ಹಾಗೇ ನಿಭಾಯಿಸುತ್ತದೆ. ಮೊದಲು ಘಾತ 11. ಕೊನೆಯಲ್ಲಿ 1736 ಉಳಿಯಿತು; ಸರಿಯೇ, 2047 ಅಂದರೆ 23 × 89. ನಂತರ ಘಾತ 127. ಹೆಜ್ಜೆ 125. ಕಣ್ಣು ಮಿಟುಕಿಸುವಷ್ಟರಲ್ಲಿ 0 ಬಂತು. ಲ್ಯೂಕಾ ಕೈಲೆಕ್ಕದಲ್ಲಿ ಸಾಧಿಸಿದ ಈ ಸಂಖ್ಯೆ 1951ರವರೆಗೂ ಗೊತ್ತಿದ್ದ ಅತಿ ದೊಡ್ಡ ಅವಿಭಾಜ್ಯವಾಗಿಯೇ ಉಳಿದಿತ್ತು.

ಘಾತ 67 ಹಾಕಿದಾಗ 0 ಬರಲಿಲ್ಲ. 1644ರಲ್ಲಿ ಫ್ರಾನ್ಸಿನ ಗಣಿತಜ್ಞ ಮೆರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. ಅಲ್ಲವೆಂದು ಪರೀಕ್ಷೆ ಹೇಳುತ್ತದೆ, ಆದರೆ ಯಾವುದರಿಂದ ಭಾಗವಾಗುತ್ತದೆ ಅಂತ ಮಾತ್ರ ಹೇಳುವುದಿಲ್ಲ. ಅದನ್ನು 1903ರಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ ಕೊಟ್ಟರು: 193707721 × 761838257287. ಇಂಥ ಅಪವರ್ತನಗಳಿಂದ 1 ಕಳೆದರೆ ಘಾತದ ಎರಡರಷ್ಟರಿಂದ, ಇಲ್ಲಿ 134ರಿಂದ, ಭಾಗವಾಗಲೇಬೇಕು. ಎರಡನ್ನೂ ಭಾಗಿಸಿ ನೋಡಿದೆ. ಮೊದಲನೆಯದಕ್ಕೆ 1445580, ಎರಡನೆಯದಕ್ಕೆ 5685360129. ಶೇಷ ಎರಡಕ್ಕೂ ಇಲ್ಲ.